ಆಸ್ಪತ್ರೆ ಚೀಲಕ್ಕೆ ಸೋಪಾ, ಸ್ಯಾನಿಟೈಸರಾ?

“ಅಪ್ಪ ಕಾಸರಗೋಡಿನಲ್ಲಿ ಅಡ್ಮಿಟ್, ಬೈಸ್ಟ್ಯಾಂಡರ್ (ರೋಗಿಯ ಜೊತೆ ಉಳಿಯುವವನು) ನಾನೇ, ಕೈಗೆ ಯಾವುದು ಒಳ್ಳೆಯದು?” ಎಂದು ಕುಂಬಳೆಯ ಗೆಳೆಯ ಕೇಳಿದ.

ಬೇಗ ಆಗುವುದು ಸ್ಯಾನಿಟೈಸರ್. 20-30 ಸೆಕೆಂಡು ಸಾಕು, ಮಂಚದ ಪಕ್ಕದಲ್ಲೇ ಮುಗಿಯುತ್ತದೆ. ಸೋಪಿಗೆ 40-60 ಸೆಕೆಂಡು ಬೇಕು, ನಲ್ಲಿಯೂ ಬೇಕು. ವೀಲ್‌ಚೇರಿನ ಹಿಡಿ, ಬಿಪಿ ಪಟ್ಟಿ, ಮಂಚದ ಕಂಬಿ ಎಲ್ಲ ಹತ್ತಾರು ಕೈ ದಾಟಿ ಬಂದವು. ಅವನ್ನು ಮುಟ್ಟಿ ಅಪ್ಪನನ್ನು ಮುಟ್ಟುವ ಮೊದಲು ಪ್ರತಿ ಸಲ ವರಾಂಡದ ತುದಿಗೆ ಓಡಲು ಆಗುತ್ತದಾ? ಕೊಳ್ಳುವಾಗ ಆಲ್ಕೋಹಾಲ್ ಕನಿಷ್ಠ 60% ಇದೆಯಾ ನೋಡಿ. ಉಜ್ಜಿದ ಮೇಲೆ ಕೈ ತಾನಾಗಿ ಒಣಗಬೇಕು. ಸೀರೆ ಸೆರಗಿಗೆ ಒರೆಸಿಕೊಂಡರೆ ಸುಮ್ನೆ ದಂಡ.

ಆದರೆ ಬೆಡ್‌ಪ್ಯಾನ್ ಎತ್ತಿದರೆ, ಕೈಗೆ ರಕ್ತವೋ ವಾಂತಿಯೋ ಅಂಟಿದರೆ ಸೋಪೇ ಬೇಕು. ವಾರ್ಡಿನಲ್ಲಿ ವಾಂತಿ ಭೇದಿ ಇದ್ದರೂ ಅಷ್ಟೇ. ವಾಂತಿ ಭೇದಿ ತರುವ ನೊರೊವೈರಸ್ ಆಗಲಿ, ಭೇದಿ ತರುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನ ಬೀಜಕಗಳು (ಅದರ ಗಟ್ಟಿ ಕವಚದ ರೂಪ) ಆಗಲಿ ಆಲ್ಕೋಹಾಲಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸೋಪು, ನೀರು ಅವನ್ನು ತೊಳೆದು ಹಾಕುತ್ತವೆ. ಖರ್ಚೂ ಕಡಿಮೆ.

ಗ್ಲೌಸ್? ಹಾಕಿಕೊಂಡೇ ಕಂಬಿ, ಫೋನು, ಊಟದ ಡಬ್ಬಿ ಮುಟ್ಟುವವರೇ ಜಾಸ್ತಿ, ಅಲ್ವಾ? ತೆಗೆದ ಮೇಲೂ ಕೈ ತೊಳೆಯಲೇಬೇಕು.

ಒಂದು ಗಂಟೆ ನೋಡಿ ಬರುವವರಿಗೆ ಸ್ಯಾನಿಟೈಸರ್ ಸಾಕು. ರಾತ್ರಿ ಉಳಿಯುವವನು ಸೋಪಿನ ಸಣ್ಣ ಬಿಲ್ಲೆಯನ್ನೂ ಇಟ್ಟುಕೊಳ್ಳಲಿ.