ಕಾಲೇಜಿನ ಆಪ್ತಸಮಾಲೋಚನಾ ಕೇಂದ್ರ: ಒಳಗೆ ಸಿಗುವ ನೆರವು ಉತ್ತಮ, ಒಳಗೆ ಹೋಗುವುದೇ ಕಷ್ಟ

ಶಿವಮೊಗ್ಗದಲ್ಲಿ ನಾನು ಸ್ನಾತಕೋತ್ತರ ಪದವಿ ಓದುತ್ತಿರುವ ಕಾಲೇಜಿನ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಮಾಲೋಚಕಿಯವರ ಕೆಲಸದ ಬಗ್ಗೆ ನನಗೆ ಪೂರ್ಣ ಮೆಚ್ಚುಗೆಯಿದೆ. ಆದರೆ ಅವರ ಕೊಠಡಿಯವರೆಗೆ ತಲುಪಲು ಆಡಳಿತ ಮಾಡಿಟ್ಟಿರುವ ವ್ಯವಸ್ಥೆಯು, ನೆರವು ಬೇಕಾದವರನ್ನೇ ಬಾಗಿಲಿನಿಂದ ವಾಪಸು ಕಳಿಸುವಂತಿದೆ.

ಕೇಂದ್ರವಿರುವುದು ಆಡಳಿತ ಕಟ್ಟಡದ ಜಗುಲಿಯಲ್ಲಿ, ಶುಲ್ಕ ಕಟ್ಟುವ ಕೌಂಟರಿನ ಎದುರಿಗೆ. ಸರದಿಗಾಗಿ ಹೊರಗಿನ ಬೆಂಚಿನ ಮೇಲೆ ಕೂತವರು ಶುಲ್ಕದ ಸಾಲಿನಲ್ಲಿ ನಿಂತವರಿಗೆಲ್ಲ ಕಾಣುತ್ತಾರೆ. ಬಾಗಿಲ ಬಳಿಯ ಮೇಜಿನ ಮೇಲೆ ತೆರೆದಿಟ್ಟ ಒಂದು ರಿಜಿಸ್ಟರ್ ಇದ್ದು, ಅದರಲ್ಲಿ ಹೆಸರು, ತರಗತಿ, ಹಾಸ್ಟೆಲ್ ಕೊಠಡಿ ಸಂಖ್ಯೆಯ ಜೊತೆಗೆ ‘ಭೇಟಿಯ ಕಾರಣ’ ಎಂಬ ಅಂಕಣವನ್ನೂ ತುಂಬಬೇಕು. ನಾನು ಬರೆಯುವಾಗ ಮೇಲಿನ ಸಾಲುಗಳೆಲ್ಲ ಕಣ್ಣಿಗೆ ಬಿದ್ದವು. ಹೆಚ್ಚಿನವರು ‘ವಿದ್ಯಾರ್ಥಿವೇತನದ ವಿಚಾರ’ ಎಂದು ಬರೆದಿದ್ದರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ‘ಯಾವ ಊರು, ಯಾರ ಮನೆ ಹುಡುಗಿ’ ಎಂದು ವಿಚಾರಿಸಿದರೆ ನಾಲ್ಕನೆಯ ಮಾತಿಗೆ ನೆಂಟಸ್ತಿಕೆ ಹೊರಬೀಳುವ ಸೀಮೆ ಇದು. ಕೌನ್ಸೆಲಿಂಗಿಗೆ ಹೋದಳಂತೆ ಎಂಬ ಸುದ್ದಿ ಅಮ್ಮನ ಕಿವಿಗೆ ಬಿದ್ದರೆ ಮುಂದೆ ಮದುವೆಯ ಮಾತಿನವರೆಗೂ ಅದು ಬೆಳೆಯುತ್ತದೆ ಎಂಬ ಹೆದರಿಕೆ ಹುಡುಗಿಯರಲ್ಲಿ ನಿಜವಾಗಿಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುವವರ ಮಾಹಿತಿಯ ಗೌಪ್ಯತೆಯನ್ನು ಹಕ್ಕೆಂದೇ ಹೇಳಿರುವಾಗ, ಕಾಲೇಜೊಂದು ಇಂಥ ರಿಜಿಸ್ಟರನ್ನು ಬೀದಿಗಿಟ್ಟಂತೆ ಇಡುವುದು ನನಗೆ ಒಪ್ಪಿಗೆಯಾಗದ ವಿಷಯ.

ಒಳಗೆ ಹೋದ ಮೇಲೆ ಎಲ್ಲವೂ ಬೇರೆ. ಮೇಡಂ ನನ್ನ ಸಮಸ್ಯೆಯನ್ನು ಕೇಳುವುದಕ್ಕೂ ಮೊದಲು ತಮ್ಮ ನಿಯಮವನ್ನು ತಿಳಿಸಿದರು: “ಇಲ್ಲಿ ಹೇಳಿದ್ದು ಪ್ರಾಂಶುಪಾಲರಿಗೂ ಹೋಗುವುದಿಲ್ಲ, ನಿಮ್ಮ ಮನೆಗೂ ಹೋಗುವುದಿಲ್ಲ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಮಾತ್ರ ಇನ್ನೊಬ್ಬರಿಗೆ ತಿಳಿಸಬೇಕಾಗುತ್ತದೆ. ಆಗಲೂ ಮೊದಲು ನಿಮಗೇ ಹೇಳುತ್ತೇನೆ.” ಆಮೇಲೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನು ಕನ್ನಡದಲ್ಲಿಯೇ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಆಯಾಸ ಹೇಗಿದ್ದವು ಎಂದು ಕೇಳುವ 9 ಪ್ರಶ್ನೆಗಳು ಅದರಲ್ಲಿದ್ದು, ಒಂದೊಂದಕ್ಕೆ 0ಯಿಂದ 3ರವರೆಗೆ ಅಂಕ ಕೊಡಬೇಕು. ಬಂದ ಮೊತ್ತವನ್ನು ನೋಡಿ ಅವರು ನನಗೊಂದು ಕಾಯಿಲೆಯ ಹೆಸರು ಅಂಟಿಸಲಿಲ್ಲ. ಇದು ಮಾತು ಮುಂದುವರಿಸಲು ಒಂದು ದಾರಿ ಅಷ್ಟೇ ಎಂದರು.

ನನ್ನ ತೊಂದರೆ ಇದ್ದದ್ದು ನಿದ್ದೆಯದು ಮತ್ತು ಮುಂದೆ ಸಾಗದ ಪ್ರಬಂಧದ್ದು. ಧೈರ್ಯ ತಂದುಕೊಳ್ಳಿ, ಧ್ಯಾನ ಮಾಡಿ ಎಂಬ ಮಾತುಗಳನ್ನು ನಿರೀಕ್ಷಿಸಿದ್ದ ನನಗೆ ಅವರು ಹಾಳೆ ಕೊಟ್ಟು, ರಾತ್ರಿ ಹತ್ತರಿಂದ ಬೆಳಗಿನವರೆಗೆ ಏನೇನು ಮಾಡುತ್ತೇನೆ ಎಂದು ಗಂಟೆಗಂಟೆಯಂತೆ ಬರೆಯಿಸಿದರು. ಅದನ್ನು ಮುಂದಿಟ್ಟುಕೊಂಡು, ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಹೊತ್ತನ್ನು ಬದಲಿಸಬಾರದು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೆದ್ದು ಬೇರೆಡೆ ಕೂರಬೇಕು, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳಬಾರದು ಎಂಬುದನ್ನು ಕಾರಣಸಹಿತ ವಿವರಿಸಿದರು. ಅರ್ಧವಾಗಿರುವ ಅಧ್ಯಾಯವನ್ನು ಹಾಗೆಯೇ ಮಾರ್ಗದರ್ಶಕರಿಗೆ ತೋರಿಸುವ ತೀರ್ಮಾನವೂ ಆ ಕೊಠಡಿಯಲ್ಲೇ ಆಯಿತು. ಔಷಧದ ಮಾತು ಬಂದಾಗ, ಅದನ್ನು ನಿರ್ಧರಿಸಬೇಕಾದವರು ಮನೋವೈದ್ಯರು ಎಂದು ಸ್ಪಷ್ಟವಾಗಿ ಹೇಳಿ, ಬೇಕೆನಿಸಿದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಪತ್ರ ಬರೆದುಕೊಡುವುದಾಗಿ ತಿಳಿಸಿದರು. ತಮ್ಮ ಕೆಲಸದ ಎಲ್ಲೆ ಗೊತ್ತಿರುವವರ ಮೇಲೆ ನಂಬಿಕೆ ತಾನಾಗಿ ಹುಟ್ಟುತ್ತದೆ. ಮನೋವೈದ್ಯ ಡಾ. ಅಶೋಕ್ ಪೈ ಅವರು ದಶಕಗಳ ಕಾಲ ದುಡಿದು, ಮನಸ್ಸಿನ ಕಾಯಿಲೆಗಳ ಬಗ್ಗೆ ಜನಸಾಮಾನ್ಯರಿಗೆ ಕನ್ನಡದಲ್ಲಿ ತಿಳಿಹೇಳಿದ ಊರು ನಮ್ಮದು. ಇಲ್ಲಿಯೇ ಒಂದು ಬೆಂಚಿನ ಮೇಲೆ ಕೂರಲು ವಿದ್ಯಾರ್ಥಿಗಳು ಅಂಜಬೇಕಾಗಿರುವುದು ನೋವಿನ ಸಂಗತಿ.

ಸಮಯದ ತೊಡಕೂ ಇದೆ. ಮೇಡಂ ಬರುವುದು ವಾರದಲ್ಲಿ ಎರಡೇ ದಿನ, ಅದೂ ತರಗತಿಗಳು ನಡೆಯುವ ಹೊತ್ತಿಗೆ. ಪರೀಕ್ಷೆ ಹತ್ತಿರವಾದಾಗ ಸರದಿ ಸಿಗುವುದೇ ಕಷ್ಟ. 100 ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನಾದರೂ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಅದರ ಎಷ್ಟೋ ಪಟ್ಟು ಇರುವಾಗ, ವಾರಕ್ಕೆ ಎರಡು ದಿನ ಬರುವ ಒಬ್ಬರು ಯಾವ ಲೆಕ್ಕಕ್ಕೂ ಸಾಲುವುದಿಲ್ಲ.

ರಾತ್ರಿ ಹೊತ್ತಿಗೆ ಮತ್ತು ರಜಾ ದಿನಗಳಿಗೆ ಮೇಡಂ ಸೂಚಿಸುವುದು ಟೆಲಿ-ಮಾನಸ್ ಸಹಾಯವಾಣಿಯನ್ನು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಆದರೆ ಆ ಸಂಖ್ಯೆಯನ್ನು ಅಂಟಿಸಿರುವುದು ಸಮಾಲೋಚನಾ ಕೊಠಡಿಯ ಒಳಗಿನ ಗೋಡೆಗೆ. ಅದು ಇರಬೇಕಾದದ್ದು ಹಾಸ್ಟೆಲಿನ ಊಟದ ಮನೆಯಲ್ಲಿ, ಮೆಟ್ಟಿಲ ಬಳಿಯಲ್ಲಿ. ಊರಿಗೆ ಹೋದಾಗ ಇನ್ನೊಂದು ಕಷ್ಟ: ಅಂಗಳದ ಅಂಚಿನಲ್ಲಿ ಮಾತ್ರ ನೆಟ್‌ವರ್ಕ್ ಸಿಗುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ, ಅಲ್ಲಿ ನಿಂತು ಮಾತಾಡಿದ್ದು ಅಡಿಕೆ ಸುಲಿಯುತ್ತ ಕೂತವರಿಗೆಲ್ಲ ಕೇಳಿಸುತ್ತದೆ. ಅಂಥವರು ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಚಿಕಿತ್ಸಾ ಶಿಬಿರದ ಬಗ್ಗೆ ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಕಾರಣದ ಅಂಕಣವನ್ನು ತೆಗೆಯಬೇಕು, ಕೇಂದ್ರವನ್ನು ಗ್ರಂಥಾಲಯದ ಮೇಲಂತಸ್ತಿಗೆ ಬದಲಿಸಬೇಕು ಮತ್ತು ವಾರಕ್ಕೊಂದು ಸಂಜೆಯಾದರೂ ಅದನ್ನು ತೆರೆದಿಡಬೇಕು ಎಂದು ನಾವು ಕೆಲವರು ಸಹಿ ಹಾಕಿ ಮನವಿ ಕೊಟ್ಟಿದ್ದೇವೆ. ಅಲ್ಲಿಯವರೆಗೆ ಹೋಗಬೇಕೆನ್ನುವವರು ಮಧ್ಯಾಹ್ನ ಮೂರರ ಮೇಲೆ ಹೋಗಿ. ಆಗ ಶುಲ್ಕದ ಕೌಂಟರ್ ಮುಚ್ಚಿರುತ್ತದೆ. ರಿಜಿಸ್ಟರಿನಲ್ಲಿ ಕಾರಣವನ್ನು ಖಾಲಿ ಬಿಟ್ಟರೂ ಮೇಡಂ ಒಳಗೆ ಕರೆಯುತ್ತಾರೆ.