17 ಸಾವಿರದ ಗ್ರಾಫಿಕ್ಸ್ ಕಾರ್ಡ್, ಎರಡು ವರ್ಷದ ಬಳಕೆ

ಕಲಬುರಗಿಯಲ್ಲಿ ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಎರಡು ವರ್ಷದ ಹಿಂದೆ ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ 17 ಸಾವಿರ ಕೊಟ್ಟು 4 ಜಿಬಿ ಮೆಮೊರಿಯ ಹೊಸ ಗ್ರಾಫಿಕ್ಸ್ ಕಾರ್ಡ್ ತಂದೆ. ಹಗಲು ನನ್ನ ರೆಂಡರಿಂಗ್ (ಎಡಿಟ್ ಆದದ್ದನ್ನು ಪೂರ್ತಿ ವಿಡಿಯೊ ಫೈಲ್ ಮಾಡುವುದು), ರಾತ್ರಿ ತಮ್ಮನ ಆಟ, ಎರಡಕ್ಕೂ ಆಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಅಂಗಡಿಯವರೂ ಧೈರ್ಯ ಕೊಟ್ಟರು: "ಚಿಂತಿ ಮಾಡಬ್ಯಾಡ್ರಿ ಸರ, ನಾಕ್ ಜಿಬಿ ಅದ, ಎಲ್ಲಾ ನಡೀತದ."

ಎಲ್ಲಾ ನಡೆಯಲಿಲ್ಲ.

ನನ್ನ ಪಿಸಿ ಎಂಟನೇ ಜನರೇಷನ್‌ನ ಇಂಟೆಲ್ ಐ5 ಪ್ರೊಸೆಸರ್, ಅದೇ ಕಾಲದ ಮದರ್‌ಬೋರ್ಡ್, 16 ಜಿಬಿ ರ‍್ಯಾಮ್. ಕಾರ್ಡ್ ಹಾಕಿದ ವಾರದಲ್ಲೇ ಒಂದು ಮದುವೆ ವಿಡಿಯೊ ರೆಂಡರ್‌ಗೆ ಕೊಟ್ಟೆ. ಎರಡು ಗಂಟೆಯ ವಿಡಿಯೊ. ಮುಗಿಯಲು ಎರಡೂವರೆ ಗಂಟೆ ಬೇಕಾಯಿತು, ಕಾರ್ಡ್ ಇಲ್ಲದಾಗಲೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ, ಕಾರ್ಡ್ ಸುಮ್ಮನೆ ಕೂತಿದೆ.

ಕಾರಣ ಹುಡುಕಲು ನಾಲ್ಕು ದಿನ ಹಿಡಿಯಿತು. ಈ ಕಾರ್ಡಿನಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲವೇ ಇಲ್ಲ. ವಿಡಿಯೊ ಓಡಿಸಿ ತೋರಿಸುವ ಡಿಕೋಡರ್ ಇದೆ. ಆದರೆ ಎಡಿಟ್ ಆದದ್ದನ್ನು ಎಚ್.264 ಅನ್ನೋ ಮಾಮೂಲಿ ಬಗೆಯ ವಿಡಿಯೊ ಫೈಲ್ ಮಾಡಿ ಬರೆಯುವ ಭಾಗವನ್ನೇ ಬಿಟ್ಟಿದ್ದಾರೆ. ಡಬ್ಬಿಯ ಮೇಲೆ 4 ಜಿಬಿ ಅಂತ ದಪ್ಪ ಅಕ್ಷರದಲ್ಲಿದೆ, ಇದರ ಸುದ್ದಿ ಎಲ್ಲೂ ಇಲ್ಲ. ನನ್ನಂಥ ಕೆಲಸದವರಿಗೆ ಮೊದಲು ಹೇಳಬೇಕಾದ ಮಾತೇ ಅದು ಅಲ್ವಾ?

ಇಲ್ಲಿ ಏಪ್ರಿಲ್, ಮೇ ಅಂದರೆ ಮದುವೆ ಸೀಸನ್. ಹೊರಗೆ 42–43 ಡಿಗ್ರಿ ಬಿಸಿಲು, ಯಾವಾಗ ಕರೆಂಟ್ ಹೋಗುತ್ತದೋ ಗೊತ್ತಿಲ್ಲ. ನನ್ನ ಯುಪಿಎಸ್ 15 ನಿಮಿಷ ತಡೆಯುತ್ತದೆ, ಅಷ್ಟೇ. ರೆಂಡರ್ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ಮೊದಲನೇ ಬೇಸಿಗೆಯಲ್ಲಿ ಒಂದೇ ಮದುವೆಯ ವಿಡಿಯೊ ಮೂರು ಸಲ ಹೀಗೆ ನಿಂತಿತು. ಮದುಮಗಳ ಅಪ್ಪ ಊರಿಂದ ಬಸ್ ಹತ್ತಿ ಪೆನ್‌ಡ್ರೈವ್ ಒಯ್ಯಲು ಬಂದಿದ್ದರು. ಬರಿಗೈಲಿ ಕಳಿಸಿದೆ. ಆ ಬೇಜಾರು ಇನ್ನೂ ಹೋಗಿಲ್ಲ.

ಆಟದ ಕಥೆ ಬೇರೆ. ವ್ಯಾಲರಂಟ್‌ನಂಥ ಹಗುರ ಆಟ 1080ಪಿಯಲ್ಲಿ ಚೆನ್ನಾಗಿ ಓಡುತ್ತದೆ, ದೂರಿಲ್ಲ. ದೊಡ್ಡ ಆಟ ಹಾಕಿ, ಗೋಡೆ-ನೆಲದ ಮೇಲ್ಮೈ ಚಿತ್ರಗಳ ಗುಣಮಟ್ಟ ಅಂದರೆ ಟೆಕ್ಸ್‌ಚರ್ ಹೈಗೆ ಇಟ್ಟರೆ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಚಿತ್ರ ಗಕ್ಕನೆ ನಿಲ್ಲುತ್ತದೆ. ತಮ್ಮ "ಅಣ್ಣಾ, ಕಾರ್ಡ್ ಕೆಟ್ಟದ ನೋಡು" ಅಂದ. ಕೆಟ್ಟಿರಲಿಲ್ಲ, ಅದರ ಕಟ್ಟೋಣವೇ ಹಾಗೆ. ಸ್ಲಾಟಿಗೆ ಕೂರುವ ಪಟ್ಟಿ ಪೂರ್ತಿ ಉದ್ದ ಇದೆ, ನೋಡಿದವರು 16 ಲೇನ್ (ಮಾಹಿತಿ ಸಾಗುವ ದಾರಿ) ಅಂದುಕೊಳ್ಳುತ್ತಾರೆ. ಒಳಗೆ ಕೆಲಸ ಮಾಡುವುದು ನಾಲ್ಕೇ ಲೇನ್. ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ಸ್ಲಾಟು 4.0 ಆವೃತ್ತಿಯದಾದರೆ ಒಂದು ಲೇನಿನಲ್ಲಿ ಸೆಕೆಂಡಿಗೆ ಸುಮಾರು 2 ಜಿಬಿ ಸಾಗುತ್ತದೆ, ನಾಲ್ಕಕ್ಕೆ 8. ನನ್ನದು 3.0 ಬೋರ್ಡ್, ಅಲ್ಲಿ ಅದರ ಅರ್ಧ, ಬರೀ 4 ಜಿಬಿ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 100 ಜಿಬಿಗಿಂತ ಜಾಸ್ತಿ ಸಾಗಿಸಬಲ್ಲದು. ಕಾರ್ಡಿನ ಆ 4 ಜಿಬಿ ಮೆಮೊರಿ ತುಂಬಿದ ಕ್ಷಣ ಉಳಿದದ್ದು ಪಿಸಿಯ ರ‍್ಯಾಮ್‌ನಿಂದ ಈ ಸಣ್ಣ ದಾರಿಯಲ್ಲೇ ಬರಬೇಕು. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಎಪಿಎಂಸಿ ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ನೋಡಿದ್ದೀರಲ್ಲ, ಹಾಗೆ. ಒಳಗೆ ಎಷ್ಟು ಜಾಗ ಇದ್ದರೇನು, ಗೇಟು ಸಣ್ಣದು.

ಟೆಕ್ಸ್‌ಚರ್ ಮೀಡಿಯಮ್‌ಗೆ ಇಳಿಸಿದ ಮೇಲೆ ಆ ನಿಲ್ಲುವಿಕೆ ಬಹುಪಾಲು ಹೋಯಿತು. ನಿಮ್ಮ ಕಾರ್ಡ್ ಎಷ್ಟು ಲೇನಿನಲ್ಲಿ ಓಡುತ್ತಿದೆ ಅಂತ ನೋಡಲು ಜಿಪಿಯು-ಝಡ್ ಅಂತ ಪುಕ್ಕಟೆ ತಂತ್ರಾಂಶ ಇದೆ. ಅದರಲ್ಲಿ ಬಸ್ ಇಂಟರ್‌ಫೇಸ್ ಅನ್ನೋ ಸಾಲು ನೋಡಿ. ಕಾರ್ಡ್ ಕೆಲಸವಿಲ್ಲದೆ ಇದ್ದಾಗ ಅಲ್ಲಿ 3.0 ಅಥವಾ 4.0 ಬದಲು 1.1 ಅಂತ ಕಾಣಬಹುದು, ಗಾಬರಿ ಬೇಡ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಟೆಸ್ಟ್ ಓಡಿಸಿದರೆ ನಿಜವಾದ ಅಂಕಿ ಬರುತ್ತದೆ.

ಒಳ್ಳೆಯದನ್ನೂ ಹೇಳಬೇಕು. ಎರಡು ಬೇಸಿಗೆ ಕಳೆದರೂ ಕಾರ್ಡ್ ಒಮ್ಮೆಯೂ ಕೈಕೊಟ್ಟಿಲ್ಲ. ಪಿಸಿಗೆ ಕರೆಂಟ್ ಕೊಡುವ ಹಳೇ ಎಸ್‌ಎಂಪಿಎಸ್‌ನಲ್ಲೇ ನಡೆಯುತ್ತಿದೆ. ತಿಂಗಳಿಗೊಮ್ಮೆ ಬ್ಲೋವರ್‌ನಿಂದ ಧೂಳು ಊದುತ್ತೇನೆ, ಫ್ಯಾನ್ ಸದ್ದು ಕಮ್ಮಿ.

ರೆಂಡರಿಂಗ್‌ಗೆ ದಾರಿ ಸಿಕ್ಕಿದ್ದು ಹೋದ ವರ್ಷ, ಅದೂ ನನ್ನ ಹಳೇ ಐ5ನಲ್ಲೇ. ಅದರೊಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಎನ್‌ಕೋಡರ್ ಇದೆ. ಹೊರಗಿನ ಕಾರ್ಡ್ ಹಾಕಿದಾಗ ನನ್ನ ಬೋರ್ಡ್ ಅದನ್ನು ಮುಚ್ಚಿಬಿಟ್ಟಿತ್ತು. ಬಯೋಸ್‌ಗೆ (ಪಿಸಿ ಶುರುವಾಗುವಾಗಿನ ಸೆಟ್ಟಿಂಗ್ ಪುಟ) ಹೋಗಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿದೆ, ಡ್ರೈವರ್ ಹಾಕಿದೆ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಆರಿಸಿದೆ. ಅದೇ ಎರಡು ಗಂಟೆಯ ವಿಡಿಯೊ ಒಂದು ಗಂಟೆಯೊಳಗೆ ಮುಗಿಯಿತು. 17 ಸಾವಿರ ಕೊಡುವ ಮೊದಲೇ ನನ್ನ ಮೇಜಿನ ಮೇಲೆ ಇದ್ದದ್ದು ಇದು.

ಬೋರ್ಡ್ ಹೊಸದು, 4.0 ಇದೆ, ಬರೀ ಆಟಕ್ಕೆ ಅನ್ನುವವರಿಗೆ ಈ ಕಾರ್ಡ್ ಪರವಾಗಿಲ್ಲ. ವಿಡಿಯೊ ಕೆಲಸಕ್ಕೆ ಬೇಡವೇ ಬೇಡ. ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. ಮಾರಲು ಕೇಳಿದರೆ ಆರು ಸಾವಿರದ ಮೇಲೆ ಯಾರೂ ಬರುತ್ತಿಲ್ಲ. ಹಾಗಾಗಿ ಈ ಸೀಸನ್ ಮುಗಿಯುವವರೆಗೆ ಅದು ತಮ್ಮನ ಆಟಕ್ಕೆ ಇರಲಿ ಅಂತ ಬಿಟ್ಟಿದ್ದೇನೆ.