ಯಮಾಹಾ ವೈಎಂಎಫ್719 ಸೌಂಡ್ ಕಾರ್ಡ್: ಡಾಸ್ ಮಷೀನಲ್ಲಿ ಮೂರು ವರ್ಷ ಬಳಸಿದ ಮೇಲೆ

ಡಾಸ್ (ವಿಂಡೋಸಿಗೂ ಮುಂಚಿನ ಆಪರೇಟಿಂಗ್ ಸಿಸ್ಟಂ) ಓಡೋ ನನ್ನ ಹಳೇ ಪೆಂಟಿಯಂ ಮಷೀನಿಗೆ ವೈಎಂಎಫ್719 ಚಿಪ್ ಇರೋ ಐಎಸ್ಎ (ಹಳೇ ಪಿಸಿಗಳ ಕಾರ್ಡ್ ಸ್ಲಾಟ್) ಸೌಂಡ್ ಕಾರ್ಡ್ ಹಾಕಿ ಮೂರು ವರ್ಷ ಆಯ್ತು. ಸೆಕೆಂಡ್ ಹ್ಯಾಂಡು, ಬೋರ್ಡ್ ಮೇಲೆ ಕಂಪನಿ ಹೆಸರೂ ಇಲ್ಲ. ಈಗ ಯಾರು ಕೇಳಿದ್ರೂ ಇದನ್ನೇ ತಗೊಳ್ಳಿ ಅಂತೀನಿ, ಆದ್ರೆ ಮೊದಲ ಎರಡು ವಾರ ಕಾರ್ಡ್ ಕೆಟ್ಟಿದೆ ಅಂತಾನೇ ಅನ್ಕೊಂಡಿದ್ದೆ.

ಡೂಮ್ ಗೇಮ್ ಹಾಕಿದ್ರೆ ಮ್ಯೂಸಿಕ್ ಚೆನ್ನಾಗಿ ಬರ್ತಿತ್ತು, ಗುಂಡು ಹೊಡೆದ್ರೆ ಮಾತ್ರ ಸದ್ದೇ ಇಲ್ಲ. ಇಂಥ ತೊಂದ್ರೆ ಇದ್ದೋರು ಇದನ್ನ ಗಮನಿಸಿ: ಎಫ್ಎಂ ಮ್ಯೂಸಿಕ್ಕಿಗೆ (ಕಾರ್ಡಿನ ಚಿಪ್ಪೇ ಹುಟ್ಟಿಸೋ ಸಂಗೀತ) 388 ಪೋರ್ಟ್ (ಸಿಪಿಯು ಕಾರ್ಡ್ ಜೊತೆ ಮಾತಾಡೋ ವಿಳಾಸ) ಸಿಕ್ಕಿದ್ರೆ ಸಾಕು, ಐಆರ್‌ಕ್ಯೂನೂ (ಕಾರ್ಡ್ ಸಿಪಿಯುವನ್ನ ಕರೆಯೋ ನಂಬರಿನ ಲೈನ್) ಬೇಡ ಡಿಎಂಎನೂ (ಸಿಪಿಯು ಕೈಹಾಕದೇ ಡೇಟಾ ಸಾಗಿಸೋ ಚಾನೆಲ್) ಬೇಡ, ಆದ್ರೆ ಗುಂಡಿನ ಸದ್ದು, ಮಾತು ಇವೆಲ್ಲ ರೆಕಾರ್ಡ್ ಮಾಡಿರೋ ಸ್ಯಾಂಪಲ್, ಅದನ್ನ ಮೆಮೊರಿಯಿಂದ ಡಿಎಂಎ ಹೊತ್ತು ತರ್ಬೇಕು, ಒಂದು ತುಂಡು ಮುಗಿದ ತಕ್ಷಣ ಐಆರ್‌ಕ್ಯೂ ಮೂಲಕ ಕಾರ್ಡ್ ಸಿಪಿಯುಗೆ ತಿಳಿಸ್ಬೇಕು. ಹಾಗಾಗಿ ಮ್ಯೂಸಿಕ್ ಮಾತ್ರ ಬರ್ತಿದ್ರೆ ಕಾರ್ಡನ್ನ ಬಿಸಾಕ್ಬೇಡಿ, ಮೊದ್ಲು ಸೆಟ್ಟಿಂಗ್ ನೋಡಿ. ಚೂರು ಸದ್ದು ಬಂದು ಅದೇ ತುಂಡು ಮತ್ತೆ ಮತ್ತೆ ಕೇಳಿಸ್ತಿದ್ರೆ ಐಆರ್‌ಕ್ಯೂ ಮೇಲೆ ಅನುಮಾನ ಪಡಿ.

ನನ್ನದ್ರಲ್ಲಿ ಕಾರ್ಡ್ ಐಆರ್‌ಕ್ಯೂ 7ರಲ್ಲಿತ್ತು, ಅದು ಮಾಮೂಲಾಗಿ ಪ್ರಿಂಟರ್ ಪೋರ್ಟಿಂದು. 5ಕ್ಕೆ ಬದಲಾಯಿಸ್ದೆ, ಆಗ್ಲೂ ಸದ್ದಿಲ್ಲ, ಯಾಕಂದ್ರೆ ಬಯೋಸ್ (ಮಷೀನ್ ಆನ್ ಮಾಡಿದ ತಕ್ಷಣ ಓಡೋ ಪ್ರೋಗ್ರಾಂ) ಆ 5ನ್ನ ಪಿಸಿಐ (ಐಎಸ್ಎ ನಂತರ ಬಂದ ಸ್ಲಾಟ್) ನೆಟ್‌ವರ್ಕ್ ಕಾರ್ಡಿಗೆ ಕೊಟ್ಬಿಟ್ಟಿತ್ತು. ಬಯೋಸಲ್ಲಿ ಐಆರ್‌ಕ್ಯೂ 5ನ್ನ ಲೆಗಸಿ ಐಎಸ್ಎ ಅಂತ ಮೀಸಲಿಟ್ಟ ಮೇಲೆ ಮೊದಲ್ನೇ ಸಲ ಬಂದೂಕಿನ ಸದ್ದು ಕೇಳಿಸ್ತು, ಅವತ್ತಿನ ಖುಷಿ ಇನ್ನೂ ನೆನಪಿದೆ. ಹಾಗೇ ಪ್ರಿಂಟರ್ ಪೋರ್ಟ್ ಇಸಿಪಿ ಅನ್ನೋ ವೇಗದ ಮೋಡಲ್ಲಿದ್ರೆ ಅದೂ ಒಂದು ಡಿಎಂಎ ಚಾನೆಲ್ ಹಿಡ್ಕೊಳ್ಳತ್ತೆ, ಬೇಡ ಅಂದ್ರೆ ನಾರ್ಮಲ್ ಮೋಡಿಗೆ ಹಾಕಿ.

ಇನ್ನೊಂದು ಎಲ್ಲರೂ ಎಡವೋ ಜಾಗ. ಇದು ಸೌಂಡ್ ಬ್ಲಾಸ್ಟರ್ ಪ್ರೊ (ಆಗಿನ ಗೇಮುಗಳು ಮಾದರಿಯಾಗಿ ಹಿಡಿದಿದ್ದ ಕಾರ್ಡ್) ಕಂಪ್ಯಾಟಿಬಲ್, ಸೌಂಡ್ ಬ್ಲಾಸ್ಟರ್ 16 ಅಲ್ಲ. ಗೇಮಿನ ಸೆಟಪ್ಪಲ್ಲಿ 16 ಆರಿಸಿದ್ರೆ ಅದು ಈ ಕಾರ್ಡಲ್ಲಿ ಇಲ್ಲದ ಕಮಾಂಡ್ ಕಳಿಸತ್ತೆ, ಸದ್ದು ಬರಲ್ಲ. ಪ್ರೊ ಆರಿಸಿ, ಗೇಮಿಗೆ ಕಾರ್ಡಿನ ಸೆಟ್ಟಿಂಗ್ ಹೇಳೋ ಬ್ಲಾಸ್ಟರ್ ಸಾಲಲ್ಲಿ ಎ220 ಐ5 ಡಿ1 ಟಿ4 (ಅಂದ್ರೆ ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1) ಅಂತ ಇರಲಿ, ಕೊನೇ ಟಿ ನಂಬರ್ ಕಾರ್ಡಿನ ಜಾತಿ ಹೇಳತ್ತೆ, 16ಕ್ಕೆ ಅದು ಟಿ6. ಕಾರ್ಡನ್ನ ಎಬ್ಬಿಸೋಕೆ ಯೂನಿಸೌಂಡ್ ಅನ್ನೋ ಪ್ರೋಗ್ರಾಂ ಬಳಸ್ತೀನಿ, ಕೆಲಸ ಮುಗಿಸಿ ಹೋಗತ್ತೆ, ಮೆಮೊರೀಲಿ ಕೂರಲ್ಲ, ಡಾಸ್ ಪ್ರೋಗ್ರಾಮುಗಳಿಗೆ ಸಿಗೋ 640 ಕೆಬಿ ಮೆಮೊರೀಲಿ ಬದುಕೋರಿಗೆ ಇದು ದೊಡ್ಡ ವಿಷಯ.

ಸ್ವಲ್ಪ ಸುಯ್ ಅನ್ನೋ ಸದ್ದಿತ್ತು, ಮಿಕ್ಸರಲ್ಲಿ ಮೈಕ್ ಮತ್ತೆ ಲೈನ್ ಇನ್ ಮ್ಯೂಟ್ ಮಾಡಿದ್ಮೇಲೆ ಬಹಳ ಕಮ್ಮಿಯಾಯ್ತು.

ಎಫ್ಎಂ ಬಗ್ಗೆ ಮಾತ್ರ ಎಷ್ಟು ಹೇಳಿದ್ರೂ ಸಾಲದು. ಚಿಪ್ ಒಳಗಿರೋದು ಯಮಾಹಾದೇ ಒಪಿಎಲ್3 ಅನ್ನೋ ಎಫ್ಎಂ ಸಿಂತಸೈಜರ್, ನಕಲಿ ಅಲ್ಲ, ಆ ಬೇಸ್ ಮತ್ತೆ ಗಂಟೆಯಂಥ ನಾದ ನಕಲಿ ಚಿಪ್ಪುಗಳಲ್ಲಿ ತೆಳ್ಳಗೆ ಕೇಳಿಸತ್ತೆ. ಎಂಪಿಯು-401 (ಸ್ವರಗಳ ಸೂಚನೆ, ಅಂದ್ರೆ ಮಿಡಿ, ಹೊರಗೆ ಕಳಿಸೋ ವ್ಯವಸ್ಥೆ) ಪೋರ್ಟ್ 330ರಲ್ಲಿ ಹೊರಗಿನ ಮಿಡಿ ಮಾಡ್ಯೂಲ್ (ಆ ಸೂಚನೆ ತಗೊಂಡು ನುಡಿಸೋ ಪೆಟ್ಟಿಗೆ) ಹಾಕಿದೀನಿ, ಮುಂಚೆ ಇದ್ದ ಬೇರೆ ಕಾರ್ಡಲ್ಲಿ ಒಂದೊಂದು ಸ್ವರ ಸಿಕ್ಕಾಕ್ಕೊಂಡು ಎಳೀತಾನೇ ಇರ್ತಿತ್ತು, ಇದ್ರಲ್ಲಿ ಮೂರು ವರ್ಷದಲ್ಲಿ ಒಂದ್ಸಲಾನೂ ಹಾಗಾಗಿಲ್ಲ.